ಶಾರ್ಪ್ಸ್ 1874 ಪ್ರತಿಕೃತಿ ರೈಫಲ್: ಮೊದಲ ಐದು ಗುಂಡು ಸರಿ, ಆಮೇಲೆ ಚದುರುವುದೇಕೆ? ದೋಷ ನಿವಾರಣೆ ಕೈಪಿಡಿ

ಇದು .45-70 ತೋಟಾ ಹಾಕುವ, ಕರಿಮದ್ದಿನಲ್ಲಿ ಹೊಡೆಯುವ ಶಾರ್ಪ್ಸ್ 1874 ಮಾದರಿಯ ಪ್ರತಿಕೃತಿಗಳ ಬಗ್ಗೆ. ಇಟಲಿಯ ಗಾರ್ಡೋನೆ ವಾಲ್ ಟ್ರೊಂಪಿಯಾದ ಪೆಡರ್ಸೋಲಿ ಕಂಪನಿಯದಿರಲಿ, ಅಮೆರಿಕದ ಮೊಂಟಾನಾ ರಾಜ್ಯದ ಬಿಗ್ ಟಿಂಬರ್ ಊರಿನ ಶೈಲೋ ಕಂಪನಿಯದಿರಲಿ, ಮೂಲ ವ್ಯವಸ್ಥೆ ಒಂದೇ. ಕೆಳಗಿನ ಲಿವರ್ ತಳ್ಳಿದರೆ ಉಕ್ಕಿನ ಬ್ಲಾಕ್ ಕೆಳಗಿಳಿದು ನಳಿಗೆಯ ಬುಡ ತೆರೆಯುತ್ತದೆ. ಒಂದು ತೋಟಾ ತುಂಬಿ ಲಿವರ್ ಎಳೆದರೆ ಬ್ಲಾಕ್ ಮೇಲೆ ಬಂದು ಮುಚ್ಚುತ್ತದೆ. ಮೂಲ ಶಾರ್ಪ್ಸ್ ಕಂಪನಿ 1881ರಲ್ಲೇ ಬಾಗಿಲು ಹಾಕಿತು. ಇಂದಿನ ಉಕ್ಕು ಅಂದಿನದಕ್ಕಿಂತ ಗಟ್ಟಿ, ಆದರೆ ಕರಿಮದ್ದು ಅದೇ ಪೊಟ್ಯಾಸಿಯಂ ನೈಟ್ರೇಟ್, ಇದ್ದಿಲು, ಗಂಧಕದ ಮಿಶ್ರಣ. ಹಾಗಾಗಿ 1870ರ ದಶಕದ ಬೇಟೆಗಾರರಿಗೆ ಬಂದ ತೊಂದರೆಗಳೇ ಇಂದಿನವರಿಗೂ ಬರುತ್ತವೆ.

ಗುಂಡು ಚದುರತೊಡಗಿದರೆ ಬಹುತೇಕರು ಮೊದಲು ಅನುಮಾನಿಸುವುದು ನಳಿಗೆಯನ್ನು, ಆಮೇಲೆ ಗುರಿ ನೋಡುವ ಸಾಧನವಾದ ಗುರಿಪಟ್ಟಿಯನ್ನು. ಎರಡೂ ಸಾಮಾನ್ಯವಾಗಿ ನಿರಪರಾಧಿಗಳು. ನಳಿಗೆಯೊಳಗೆ ಕೂತ ಮಸಿ ಮೆದುವಾಗಿದೆಯೋ, ಒಣಗಿ ಕಿಟ್ಟ ಕಟ್ಟಿದೆಯೋ ಎಂಬುದೇ ಮೊದಲ ಪ್ರಶ್ನೆ. ಆದ್ದರಿಂದ ಹುಡುಕುವ ಕ್ರಮ ಹೀಗಿರಲಿ: ಮೊದಲು ನಳಿಗೆಯ ಬಾಯಿ, ನಂತರ ಒಳಗಿಂದ ಬಂದ ಬಟ್ಟೆ, ನಂತರ ಖಾಲಿ ಕೇಸ್ (ತೋಟಾದ ಹಿತ್ತಾಳೆಯ ಕವಚ) ಮತ್ತು ಪ್ರೈಮರ್ (ಅದರ ತಳದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆ), ಕೊನೆಗೆ ತಿರುಪುಗಳು ಮತ್ತು ಗುರಿಪಟ್ಟಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮದ್ದು, ಗುಂಡಿಗೆ ಸವರುವ ಮೇಣ, ಗುಂಡು ಮೂರನ್ನೂ ಒಟ್ಟಿಗೆ ಬದಲಿಸಿದರೆ ದೋಷ ಹೋದರೂ ಯಾವುದರಿಂದ ಹೋಯಿತೆಂದು ಗೊತ್ತಾಗುವುದಿಲ್ಲ. ಮುಂದಿನ ವಾರ ಅದು ಮರಳಿ ಬಂದಾಗ ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಮುಟ್ಟುವ ಮುನ್ನ

ಬುಡ ತೆರೆದು, ತೋಟಾ ಕೂರುವ ಚೇಂಬರ್ ಖಾಲಿ ಇದೆಯೆಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. ತೋಟಾಗಳು ಬೇರೆ ಮೇಜಿನ ಮೇಲಿರಲಿ. ಲಿವರ್ ತಳ್ಳುವ ಮೊದಲು ಹ್ಯಾಮರ್ ಅನ್ನು ಅರ್ಧ ಎಳೆದ ಸ್ಥಿತಿಗೆ ತನ್ನಿ. ಹ್ಯಾಮರ್ ಕೆಳಗೇ ಇದ್ದರೆ ಪ್ರೈಮರಿಗೆ ಬಡಿಯುವ ಫೈರಿಂಗ್ ಪಿನ್ನಿನ ತುದಿ ಅದರ ಕುಳಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಆಗ ಬ್ಲಾಕನ್ನು ಬಲವಂತವಾಗಿ ಇಳಿಸಿದರೆ ತುದಿ ಮುರಿಯುತ್ತದೆ. ಈ ರೈಫಲ್‌ಗಳಲ್ಲಿ ಪಿನ್ ಮುರಿಯಲು ಇದೊಂದು ಸಾಮಾನ್ಯ ಕಾರಣ, ಅಭ್ಯಾಸದಿಂದ ಪೂರ್ತಿ ತಪ್ಪಿಸಬಹುದಾದದ್ದು.

ಕೆಲವು ಈಡಿನ ನಂತರ ಗುಂಡು ಚದುರುವುದು

ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕೂ ಹೆಚ್ಚು ಭಾಗ ಅನಿಲವಾಗದೆ ಘನ ಉಳಿಕೆಯಾಗುತ್ತದೆ. ಒಂದಷ್ಟು ಹೊಗೆಯಾಗಿ ಹೊರಹೋಗುತ್ತದೆ, ಉಳಿದದ್ದು ನಳಿಗೆಯ ಗೋಡೆಗೆ ಅಂಟುತ್ತದೆ. ತೇವವಿರುವ ತನಕ ಅದು ಮೆತ್ತನೆಯ ಮಸಿ. ಮುಂದಿನ ಗುಂಡು ಅದನ್ನು ಸವರಿಕೊಂಡು ಹೋಗುತ್ತದೆ. ಒಣಗಿದರೆ ಗಟ್ಟಿ ಕಿಟ್ಟ. ಸೀಸದ ಗುಂಡು ಅದರ ಮೇಲೆ ಉಜ್ಜಿಕೊಂಡು ತನ್ನ ಆಕಾರ ಕಳೆದುಕೊಳ್ಳುತ್ತದೆ, ಹಿಂದಿನಿಂದ ಬಿಸಿ ಅನಿಲ ಪಕ್ಕದಲ್ಲಿ ನುಸುಳುತ್ತದೆ, ನಳಿಗೆಗೆ ಸೀಸ ಹಿಡಿಯುತ್ತದೆ. ಅಲ್ಲಿಗೆ ಗುಂಡುಗಳು ಒತ್ತೊತ್ತಾಗಿ ಬೀಳುವ ಗುಂಪು ಮುಗಿಯಿತು.

ಪರೀಕ್ಷೆ ಸುಲಭ. ಸ್ವಚ್ಛ ನಳಿಗೆಯಿಂದ ಐದು ಈಡು ಹೊಡೆದು ನಿಲ್ಲಿಸಿ. ಹಿಂದಿನ ಟ್ಯಾಂಗ್ ಗುರಿಪಟ್ಟಿಯನ್ನು (ಹಿಡಿಯ ಕತ್ತಿನ ಮೇಲೆ ನಿಲ್ಲುವಂಥದ್ದು) ಮಡಚಿ, ಬಿಗಿಯಾಗಿ ಕೂರುವಷ್ಟು ದಪ್ಪದ ಒದ್ದೆ ಬಟ್ಟೆಯನ್ನು ಕಡ್ಡಿಗೆ ಹಾಕಿ ಬುಡದ ಕಡೆಯಿಂದ ನಿಧಾನವಾಗಿ ತಳ್ಳಿ. ಎಲ್ಲಿ ಬಿಗಿಯಾಯಿತೋ ಅಲ್ಲಿ ಕಡ್ಡಿಯ ಮೇಲೆ ಟೇಪ್ ಸುತ್ತಿ ಗುರುತು ಮಾಡಿ. ನಂತರ ಕಡ್ಡಿಯನ್ನು ಹೊರಗಿಟ್ಟು ಅಳೆದರೆ ಕಿಟ್ಟ ಎಲ್ಲಿದೆಯೆಂದು ಅಂಗುಲದ ಲೆಕ್ಕದಲ್ಲಿ ತಿಳಿಯುತ್ತದೆ. ಈ ಒಂದು ಅಳತೆ ಮುಂದಿನ ಇಡೀ ದಾರಿಯನ್ನು ತೋರಿಸುತ್ತದೆ.

ಚೇಂಬರಿನ ಮುಂದಿನ ಐದಾರು ಅಂಗುಲದಲ್ಲಿ ಬಿಗಿಯಾದರೆ: ಮಸಿ ಅಲ್ಲಿ ಒಣಗುತ್ತಿದೆ. ಅತಿ ಹೆಚ್ಚು ಶಾಖ ಬೀಳುವ ಜಾಗ ಅದು. ಇದಕ್ಕೆ ಪರಿಹಾರ ಊದುಕೊಳವೆ. ಹಳೆಯ .45-70 ಕೇಸಿನ ತಳದಲ್ಲಿ ಪ್ರೈಮರ್ ಕೂರುವ ಜಾಗವನ್ನು ಕೊರೆದು ತೂತು ದೊಡ್ಡದು ಮಾಡಿ, ಅದಕ್ಕೆ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿದರೆ ಆಯಿತು. ಈಡು ಹೊಡೆದ ಕೂಡಲೇ ಕೇಸ್ ತೆಗೆದು, ಇದನ್ನು ಚೇಂಬರಿಗೆ ಹಾಕಿ, ಬಾಯಿಂದ ನಿಧಾನವಾಗಿ, ಹೊಟ್ಟೆಯಾಳದ ಬಿಸಿಯುಸಿರು ಬಿಡಿ. ಸಾಧಾರಣ ಹವೆಯಲ್ಲಿ ಮೂರರಿಂದ ಐದು ಉಸಿರು. ಒಣಹವೆಯಲ್ಲಿ ಎಂಟು ಹತ್ತು ಬೇಕಾಗಬಹುದು. ರಭಸದಿಂದ ಊದಿದರೆ ಉಪಯೋಗವಿಲ್ಲ, ಗಾಳಿ ಹೋಗುತ್ತದೆ, ತೇವ ಉಳಿಯುವುದಿಲ್ಲ. ನ್ಯೂ ಮೆಕ್ಸಿಕೋದ ರಾಟನ್‌ನಂಥ ಎತ್ತರದ ಒಣಪ್ರದೇಶದಲ್ಲಿ ಸ್ಪರ್ಧೆ ಮಾಡುವವರು ಉಸಿರಿನ ಎಣಿಕೆಯನ್ನು ಗುಂಡಿನ ಎಣಿಕೆಯಷ್ಟೇ ಗಂಭೀರವಾಗಿ ಪಾಲಿಸುತ್ತಾರೆ. ಪ್ರತಿ ಈಡಿನ ನಡುವೆ ಅಷ್ಟೇ ಉಸಿರು, ಅಷ್ಟೇ ಸಮಯ. ನಾಲ್ಕು ಸಲ ಐದುಸಿರು, ಐದನೇ ಸಲ ಎರಡುಸಿರು ಎಂದಾದರೆ ಐದನೆಯ ಗುಂಡು ಬೇರೆ ದಾರಿ ಹಿಡಿಯುತ್ತದೆ.

ಇಲ್ಲೊಂದು ಎಚ್ಚರ. ಊದಿದ ಮೇಲೆ ಚೇಂಬರಿನ ಗೋಡೆಯಲ್ಲಿ ನೀರಿನ ಹನಿ ಉಳಿಯಬಾರದು. ಒಣ ಚೇಂಬರಿನಲ್ಲಿ ಕೇಸ್ ಉಬ್ಬಿ ಗೋಡೆಗೆ ಹಿಡಿದುಕೊಳ್ಳುತ್ತದೆ. ಒದ್ದೆಯಿದ್ದರೆ ಜಾರಿ ಹಿಂದಕ್ಕೆ ಬ್ಲಾಕಿನ ಮೇಲೆ ಒತ್ತುತ್ತದೆ, ಗುಂಡುಗಳು ಮೇಲೆ ಕೆಳಗೆ ಹರಡುತ್ತವೆ. ಚಿಕ್ಕ ಬ್ರಷ್ಷಿಗೆ ಒಣಬಟ್ಟೆ ಸುತ್ತಿ ಚೇಂಬರ್ ಮಾತ್ರ ಒಮ್ಮೆ ಒರೆಸಿ.

ನಳಿಗೆಯ ಬಾಯಿಯ ಕಡೆಯ ನಾಲ್ಕೈದು ಅಂಗುಲದಲ್ಲಿ ಬಿಗಿಯಾದರೆ: ಗುಂಡಿನ ಮೇಣ ದಾರಿಯಲ್ಲೇ ಮುಗಿದಿದೆ. 30, 32, 34 ಅಂಗುಲದ ನಳಿಗೆಯನ್ನು ತುದಿತನಕ ಸವರಲು ಗುಂಡಿನ ಗೀರುಗಳಲ್ಲಿ ಸಾಕಷ್ಟು ಮೇಣ ಇರಬೇಕು. ಬಾಯಿಯನ್ನು ನೋಡಿ. ತೂತಿನ ಸುತ್ತ ಜಿಡ್ಡುಜಿಡ್ಡಾದ ಕಪ್ಪು ನಕ್ಷತ್ರ ಮೂಡಿದ್ದರೆ ಮೇಣ ಕೊನೆತನಕ ತಲುಪಿದೆ. ಒಣ ಬೂದುಬಣ್ಣದ ಪುಡಿ ಕಂಡರೆ ಇಲ್ಲ. ಹೊಗೆರಹಿತ ಮದ್ದಿಗೆಂದು ಮಾಡಿದ, ಒಂದೆರಡು ಸಣ್ಣ ಗೀರಿನ ಗಟ್ಟಿ ಗುಂಡುಗಳನ್ನು ಕರಿಮದ್ದಿನಲ್ಲಿ ಹೊಡೆದಾಗ ಇದು ಆಗೇ ಆಗುತ್ತದೆ. ಅಗಲ ಗೀರುಗಳು ಹಲವಿರುವ ಅಚ್ಚು ಬೇಕು. ಲೈಮನ್‌ನ 457125 ಸಂಖ್ಯೆಯ, ಸುಮಾರು 500 ಗ್ರೇನ್ (32 ಗ್ರಾಂ) ತೂಗುವ ಗುಂಡಿನ ಅಚ್ಚು ಇದಕ್ಕೆ ಹಳೆಯ, ನಂಬಿಕೆಯ ಆಯ್ಕೆ.

ಮೇಣ ಯಾವುದೆಂಬುದೂ ಮುಖ್ಯ. ಜೇನುಮೇಣಕ್ಕೆ ಕುರಿಕೊಬ್ಬು, ಲ್ಯಾನೋಲಿನ್ ಅಥವಾ ಸಸ್ಯದೆಣ್ಣೆ ಬೆರೆಸಿದ್ದು ಆಗುತ್ತದೆ. ಗ್ಯಾರೇಜಿನ ಗ್ರೀಸ್, ಪೆಟ್ರೋಲಿಯಂ ಎಣ್ಣೆಯ ಮೇಣ ಆಗುವುದಿಲ್ಲ: ಕರಿಮದ್ದಿನ ಮಸಿಯೊಂದಿಗೆ ಸೇರಿ ಡಾಂಬರಿನಂತೆ ಅಂಟುತ್ತದೆ, ಬಟ್ಟೆಯಲ್ಲಿ ಎಳೆದರೆ ಕಂದುಗಪ್ಪು ಹಪ್ಪಳ ಏಳುತ್ತದೆ. ಹಾಗೆ ಎದ್ದರೆ ಬೇರೆ ಏನನ್ನೂ ಪರೀಕ್ಷಿಸುವ ಮೊದಲು ಮೇಣ ಬದಲಿಸಿ.

ಬಟ್ಟೆ ಎಲ್ಲೂ ತಡೆಯದೆ ಸರಾಗವಾಗಿ ಹೋಗಿಯೂ ಗುಂಡು ಚದುರಿದರೆ ಸೀಸ ಹಿಡಿದಿದೆಯೇ ನೋಡಿ. ಬಾಯಿಯಿಂದ ಬೆಳಕು ಹಾಯಿಸಿದರೆ ಬೆಳ್ಳಿ ಬಣ್ಣದ ಪಟ್ಟಿ ಕಾಣುತ್ತದೆ. ಬಾಯಿಯ ಕಡೆ ಸೀಸವಿದ್ದರೆ ಮತ್ತೆ ಮೇಣದ ಕೊರತೆಯೇ. ಚೇಂಬರಿನ ಮುಂದೆಯೇ ಇದ್ದರೆ ಗುಂಡು ನಳಿಗೆಗಿಂತ ಸಣ್ಣದು, ಅನಿಲ ಪಕ್ಕದಿಂದ ನುಸುಳಿ ಸೀಸ ಕರಗಿಸುತ್ತಿದೆ. ಅಪ್ಪಟ ಸೀಸದ ಮುದ್ದೆಯೊಂದನ್ನು ಎಣ್ಣೆ ಸವರಿದ ನಳಿಗೆಯಲ್ಲಿ ತಳ್ಳಿ, ನಳಿಗೆಯ ಗೀರುಗಳು ಅದರ ಮೇಲೆ ಮೂಡಿಸಿದ ಅತಿ ಅಗಲದ ಅಳತೆಯನ್ನು ಮೈಕ್ರೋಮೀಟರಿನಲ್ಲಿ ನೋಡಿ. .458 ಅಂಗುಲ ಬಂದರೆ .459 ಗುಂಡು ಹಾಕಿ. ಲೋಹ ಸೀಸ ಮತ್ತು ತವರ 20:1 ರಿಂದ 30:1 ಇರಲಿ. ಆಂಟಿಮನಿ ಬೆರೆತ ಗಟ್ಟಿ ಸೀಸ ಕರಿಮದ್ದಿನ ಒತ್ತಡಕ್ಕೆ ಬೇಗ ಉಬ್ಬಿ ನಳಿಗೆಯ ಗೀರು ತುಂಬುವುದಿಲ್ಲ. ತೀರ ಮೆದುವಾದರೂ ತೊಂದರೆ, ಉದ್ದಮೂಗಿನ ಗುಂಡು ತನ್ನದೇ ಭಾರಕ್ಕೆ ಕುಸಿದು ವಾಲುತ್ತದೆ.

ಊದುವುದು ಬೇಡವೆನ್ನುವವರು ಪ್ರತಿ ಈಡಿನ ನಂತರ ಒರೆಸಬಹುದು: ಏಳು ಪಾಲು ನೀರಿಗೆ ಒಂದು ಪಾಲು ನೀರಲ್ಲಿ ಬೆರೆಯುವ ಎಣ್ಣೆ ಸೇರಿಸಿದ ದ್ರಾವಣದಲ್ಲಿ ನೆನೆಸಿ ಹಿಂಡಿದ ಎರಡು ಬಟ್ಟೆ, ನಂತರ ಒಂದು ಒಣಬಟ್ಟೆ. ಕಾರ್ಯ ಹೆಚ್ಚು, ಫಲ ಖಚಿತ. ನಳಿಗೆ ಮುಟ್ಟಲಾಗದಷ್ಟು ಕಾದಾಗ ಉಸಿರಿನ ತೇವ ನಿಲ್ಲುವುದೇ ಇಲ್ಲ, ಆಗ ಒರೆಸುವುದೊಂದೇ ದಾರಿ. ದೋಷ ಎಲ್ಲಿದೆಯೆಂದು ಗೊತ್ತಾಗದೆ ಗೊಂದಲವಾದಾಗಲೂ ಇದೇ ಮಾಡಿ. ಪ್ರತಿ ಈಡಿನ ನಡುವೆ ಒರೆಸಿದಾಗ ಗುಂಪು ಕೂಡಿಬಂದರೆ ತಪ್ಪು ಮಸಿಯದು. ಒರೆಸಿಯೂ ಚದುರಿದರೆ ಮಸಿಯನ್ನು ಬಿಟ್ಟು ಮುಂದೆ ಹುಡುಕಿ.

ಗುಂಡು ಮೇಲೆ ಕೆಳಗೆ ಮಾತ್ರ ಹರಡಿದರೆ

ಇದು ವೇಗದ ಏರುಪೇರು. 500 ಗ್ರೇನಿನ ಗುಂಡು ಸೆಕೆಂಡಿಗೆ 1200 ಅಡಿ ಆಸುಪಾಸಿನಲ್ಲಿ ಹೊರಟು, 500 ಮೀಟರ್ ತಲುಪುವಷ್ಟರಲ್ಲಿ ನಳಿಗೆಯ ನೇರದಿಂದ ಸುಮಾರು 12 ಮೀಟರ್ ಕೆಳಗಿಳಿದಿರುತ್ತದೆ. ವೇಗ 20 ಅಡಿ ವ್ಯತ್ಯಾಸವಾದರೆ ಅಷ್ಟು ದೂರದಲ್ಲಿ ಸುಮಾರು ಒಂದು ಗೇಣು ಹೆಚ್ಚುಕಮ್ಮಿ. ನೂರು ಗಜದಲ್ಲಿ ಇದು ಕಾಣುವುದೇ ಇಲ್ಲ, ಅದಕ್ಕೇ ನೂರು ಗಜದ ಗುಂಪು ನೋಡಿ ನೆಮ್ಮದಿಯಾಗಬಾರದು.

ಮದ್ದಿನ ಕಡೆ ನೋಡಿ. .45-70 ಎಂಬ ಹೆಸರಿನ 70 ಎಂದರೆ 70 ಗ್ರೇನ್ ಕರಿಮದ್ದು, ಸುಮಾರು 4.5 ಗ್ರಾಂ. 1873ರ ತೆಳುತಳದ ಕೇಸಿನಲ್ಲಿ ಅದು ಸಲೀಸಾಗಿ ಹಿಡಿಯುತ್ತಿತ್ತು. ಇಂದಿನ ದಪ್ಪತಳದ ಕೇಸಿನಲ್ಲಿ ಜಾಗ ಕಡಿಮೆ. ಎರಡಡಿ ಉದ್ದದ ಕೊಳವೆಯಿಂದ ನಿಧಾನವಾಗಿ ಸುರಿದು, ಮೇಲೆ .030 ಅಥವಾ .060 ಅಂಗುಲದ ನಾರಿನ ಬಿಲ್ಲೆ ಇಟ್ಟು, ಒತ್ತುವ ಡೈ ಎಂಬ ಅಚ್ಚಿನ ಸಾಧನದಲ್ಲಿ ಮದ್ದನ್ನು ಒತ್ತಬೇಕು. ಗುಂಡಿನಿಂದ ಒತ್ತಬಾರದು, ಮೆದು ಸೀಸದ ತಳ ವಿರೂಪವಾಗುತ್ತದೆ. ಒತ್ತುವ ಆಳ ಎಲ್ಲ ಕೇಸಿನಲ್ಲೂ ಒಂದೇ ಇರಲಿ. ಮದ್ದು ಮತ್ತು ಗುಂಡಿನ ನಡುವೆ ಖಾಲಿಜಾಗ ಇರಲೇಕೂಡದು. ವೇಗ ಕೆಡುವುದಷ್ಟೇ ಅಲ್ಲ, ನಳಿಗೆಯಲ್ಲಿ ಉಂಗುರದಂತೆ ಉಬ್ಬು ಬಂದು ರೈಫಲ್ಲೇ ಹಾಳಾಗಬಹುದು. ಹೊಗೆರಹಿತ ಮದ್ದನ್ನು ಈ ಲೆಕ್ಕದಲ್ಲಿ ತುಂಬುವ ಮಾತೇ ಇಲ್ಲ. ಅದಕ್ಕೆ ಪ್ರಕಟಿತ ಕೋಷ್ಟಕಗಳಿವೆ. .45-70ಕ್ಕೆ ಅಲ್ಲಿ ಮೂರು ಮಟ್ಟದ ಅಂಕಿಗಳಿರುತ್ತವೆ, ಶಾರ್ಪ್ಸ್ ಪ್ರತಿಕೃತಿಗೆ ಅತಿ ಕಡಿಮೆ ಒತ್ತಡದ, ಟ್ರ್ಯಾಪ್‌ಡೋರ್ ಸ್ಪ್ರಿಂಗ್‌ಫೀಲ್ಡ್ ಎಂಬ ಹಳೆಯ ರೈಫಲ್ಲಿಗೆಂದು ಕೊಟ್ಟ ಮಟ್ಟದಲ್ಲೇ ಇರಿ.

ಮದ್ದು ಸರಿಯಿದ್ದರೆ ಆಸರೆ ನೋಡಿ. ಅಡ್ಡಕೋಲಿನ ಮೇಲೆ ನಳಿಗೆ ಒಮ್ಮೆ ಇಲ್ಲಿ, ಒಮ್ಮೆ ಎರಡಂಗುಲ ಮುಂದೆ ಕೂತರೆ ಗುಂಡು ಬೀಳುವ ಎತ್ತರ ಬದಲಾಗುತ್ತದೆ. ನಳಿಗೆಯ ಮೇಲೆ ಟೇಪಿನ ಗುರುತು ಹಾಕಿ, ಸದಾ ಅಲ್ಲೇ ಇಡಿ. ಮುಂಗೈ ಹಿಡಿಯುವ ಮರದ ತಿರುಪುಗಳು ಸಡಿಲವಿದ್ದರೂ ಇದೇ ಲಕ್ಷಣ. ಈ ರೈಫಲ್ಲಿನ ಭಾರವಾದ ಹ್ಯಾಮರ್ ಬೀಳಲು ಸಮಯ ಹಿಡಿಯುತ್ತದೆ, ಗುಂಡು ಹೊರಟ ಮೇಲೂ ಗುರಿಯಿಂದ ಕಣ್ಣು ಕೀಳಬೇಡಿ.

ಅಡ್ಡಡ್ಡ ಹರಡಿದರೆ

ಗಾಳಿಯನ್ನು ಬಿಟ್ಟರೆ ರೈಫಲ್ ವಾಲುವುದೇ ಮುಖ್ಯ ಕಾರಣ. ಮೇಲೆ ಹೇಳಿದ 12 ಮೀಟರಿನ ಇಳಿತದ ಲೆಕ್ಕದಲ್ಲಿ, ಒಂದು ಡಿಗ್ರಿ ವಾಲಿದರೆ 500 ಮೀಟರಿನಲ್ಲಿ ಗುಂಡು ಸುಮಾರು 20 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. ಮುಂದಿನ ಗುರಿಪಟ್ಟಿಯಲ್ಲಿ ರಸಮಟ್ಟ ಇರುವುದು ಅದಕ್ಕೇ. ಪ್ರತಿ ಈಡಿಗೂ ಅದರ ಗುಳ್ಳೆ ನೋಡಿ. ಹಿಂದಿನ ಟ್ಯಾಂಗ್ ಗುರಿಪಟ್ಟಿಯ ಕಂಬವನ್ನು ಬೆರಳಿನಿಂದ ಮೆಲ್ಲಗೆ ಎಡಬಲ ತಳ್ಳಿ, ಅಲುಗಿದರೆ ಬುಡದ ತಿರುಪು ಬಿಗಿಗೊಳಿಸಿ. 36 ಅಂಗುಲದ ಅಂತರದ ಗುರಿಪಟ್ಟಿಯಲ್ಲಿ ಕೇವಲ .010 ಅಂಗುಲದ ಅಲುಗಾಟ ಎಂದರೆ ಒಂದು ಮಿನಿಟ್ ಕೋನ, ನೂರು ಗಜಕ್ಕೆ ಒಂದಂಗುಲ. ಎತ್ತರ ಹೊಂದಿಸುವಾಗ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ತಿರುಗಿಸಿ ನಿಲ್ಲಿಸಿ, ತಿರುಪಿನ ಸಡಿಲ ಒಂದೇ ಕಡೆ ಉಳಿಯುತ್ತದೆ.

ಲಿವರ್ ಬಿಗಿಯಾದರೆ

ಖಾಲಿ ರೈಫಲ್ಲಿನಲ್ಲಿ ಲಿವರ್ ಆಡಿಸಿ. ಖಾಲಿಯಿದ್ದಾಗಲೂ ಬಿಗಿಯಿದ್ದರೆ ಬ್ಲಾಕ್ ಮತ್ತು ಚೌಕಟ್ಟಿನ ನಡುವೆ ಮಸಿ ತುಂಬಿದೆ. ಖಾಲಿಯಿದ್ದಾಗ ಸಲೀಸು, ತೋಟಾ ಹಾಕಿದಾಗ ಬಿಗಿ ಎಂದರೆ ತಪ್ಪು ತೋಟಾದ್ದು: ಪ್ರೈಮರ್ ತಳದಿಂದ ಹೊರಗೆ ನಿಂತಿದೆ, ಕೇಸಿನ ಅಂಚು .070 ಅಂಗುಲಕ್ಕಿಂತ ದಪ್ಪವಿದೆ ಅಥವಾ ಗುಂಡು ಮುಂದಕ್ಕೆ ಹೆಚ್ಚು ಚಾಚಿ ರೈಫ್ಲಿಂಗಿಗೆ (ನಳಿಗೆಯೊಳಗಿನ ಸುರುಳಿ ಗೀರುಗಳಿಗೆ) ಒತ್ತುತ್ತಿದೆ. ಲಿವರನ್ನು ಗುದ್ದಿ ಮುಚ್ಚಬೇಡಿ. ಹೊರಚಾಚಿದ ಪ್ರೈಮರನ್ನು ಬ್ಲಾಕ್ ಉಜ್ಜುತ್ತಾ ಏರುವುದು ಅಪಾಯ.

ಬ್ಲಾಕ್ ತೆಗೆಯಲು ಚೌಕಟ್ಟಿನ ಬಲಬದಿಯ ಲಿವರ್ ಪಿನ್ನಿನ ತಡೆಯನ್ನು ಒತ್ತಿ, ಪಿನ್ ತಿರುಗಿಸಿ ಎಳೆದರೆ ಲಿವರ್, ಬ್ಲಾಕ್, ಕೇಸನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಕೆಳಗಿನಿಂದ ಬರುತ್ತವೆ. ಮೊದಲು ಬಿಸಿನೀರಿನಲ್ಲಿ ತೊಳೆಯಿರಿ. ಹೊಗೆರಹಿತ ಮದ್ದಿನ ದ್ರಾವಕಗಳು ಈ ಮಸಿಗೆ ನಾಟುವುದಿಲ್ಲ, ಕರಗಿಸುವುದು ನೀರೇ. ಒಣಗಿಸಿ, ಬ್ಲಾಕಿನ ಪಕ್ಕಗಳಿಗೆ ಗ್ರೀಸಿನ ತೆಳುಲೇಪ ಕೊಡಿ.

ತೋಟಾ ಹೊಡೆಯದಿದ್ದರೆ

ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ, ತಡವಾಗಿ ಹೊತ್ತಿಕೊಳ್ಳುವುದುಂಟು. ಆಮೇಲೆ ತೆಗೆದು ಪ್ರೈಮರ್ ನೋಡಿ. ಕುಳಿ ಆಳವಾಗಿದ್ದು, ಎರಡನೇ ಪೆಟ್ಟಿಗೆ ಹೊಡೆದರೆ ಪ್ರೈಮರ್ ಮೇಲೆ ನಿಂತಿತ್ತು. ಮೊದಲ ಪೆಟ್ಟು ಅದನ್ನು ಕೂರಿಸಲು ಖರ್ಚಾಯಿತು. ಪ್ರೈಮರ್ ತಳಕ್ಕಿಂತ ಕೂದಲೆಳೆ ಒಳಗಿರಬೇಕು. ಕುಳಿ ಆಳವಿಲ್ಲದಿದ್ದರೆ ಫೈರಿಂಗ್ ಪಿನ್ನಿನ ಸುರಂಗದಲ್ಲಿ ಮಸಿ ಗಟ್ಟಿಯಾಗಿದೆ. ಪಿನ್ ತೆಗೆದು ತೊಳೆದು, ಒಣಗಿಸಿ, ತೆಳು ಎಣ್ಣೆ ಮಾತ್ರ ಹಾಕಿ. ಅದಾದ ಮೇಲೂ ಹಾಗೇ ಇದ್ದರೆ ಮುಖ್ಯ ಸ್ಪ್ರಿಂಗ್ ಸೋತಿದೆ ಅಥವಾ ಹ್ಯಾಮರ್ ಪಕ್ಕದ ಮರಕ್ಕೆ ಉಜ್ಜುತ್ತಿದೆ. ಮರದಲ್ಲಿ ಹೊಳಪಿನ ಗೀರು ಇದೆಯೇ ನೋಡಿ.

ಹ್ಯಾಮರ್ ಬಿದ್ದು ಅರ್ಧದಲ್ಲೇ ಸಿಕ್ಕಿಕೊಂಡರೆ

ಜೋಡಿ ಟ್ರಿಗರ್ ಇರುವ ರೈಫಲ್‌ಗಳ ದೋಷ ಇದು. ಹಿಂದಿನ ಟ್ರಿಗರ್ ಎಳೆದು ಸಜ್ಜುಮಾಡಿ, ಮುಂದಿನದನ್ನು ಮುಟ್ಟಿದರೆ ಹ್ಯಾಮರನ್ನು ತಡೆಹಿಡಿದ ಸಿಯರ್ ಎಂಬ ಕೊಕ್ಕೆ ಕ್ಷಣಮಾತ್ರ ಮೇಲೇಳುತ್ತದೆ. ಅದು ಕೆಳಗಿಳಿದು ಅರ್ಧದ ಕಚ್ಚಿಗೆ ಬೀಳದಂತೆ, ಹ್ಯಾಮರಿನೊಂದಿಗೆ ತಿರುಗುವ ಕಚ್ಚುಗಳಿರುವ ಟಂಬ್ಲರಿನಲ್ಲಿ ಫ್ಲೈ ಎಂಬ ಪುಟ್ಟ ತುಂಡೊಂದು ದಾರಿ ಮುಚ್ಚುತ್ತದೆ. ಹಳೆಯ ಎಣ್ಣೆ, ಮಸಿ ಸೇರಿ ಫ್ಲೈ ಅಂಟಿಕೊಂಡರೆ ಸಿಯರ್ ನೇರ ಕಚ್ಚಿಗೆ ಹೋಗುತ್ತದೆ. ಇವೆಲ್ಲ ಇರುವ ಲಾಕ್ ಬಿಚ್ಚಿ ತೊಳೆಯಿರಿ; ಫ್ಲೈ ಬಹಳ ಸಣ್ಣದು, ಕೆಳಗೆ ಬಿಳಿಬಟ್ಟೆ ಹಾಸಿಕೊಂಡು ಬಿಚ್ಚಿ. ಈ ದೋಷವಿರುವಾಗ ಸಿಯರಿನ ಮೂತಿ ಮತ್ತು ಕಚ್ಚು ಪ್ರತಿ ಸಲವೂ ಪೆಟ್ಟು ತಿನ್ನುತ್ತವೆ, ಹಾಗೇ ಹೊಡೆಯುತ್ತಾ ಹೋಗಬೇಡಿ.

ಎರಡು ಟ್ರಿಗರ್‌ಗಳ ನಡುವಿನ ಪುಟ್ಟ ತಿರುಪನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಹಗುರ ಮಾಡಿದ ಮೇಲೆ ಖಾಲಿ ರೈಫಲ್ಲಿನ ಚೇಂಬರಿಗೆ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಅಣಕು ತೋಟಾ) ಹಾಕಿ, ಹ್ಯಾಮರ್ ಎಳೆದು ಸಜ್ಜುಮಾಡಿ, ಹಿಡಿಯ ತಳವನ್ನು ಚಾಪೆಯ ಮೇಲೆ ತಟ್ಟಿ ನೋಡಿ. ಬಿದ್ದರೆ ತಿರುಪು ಹಿಂದಕ್ಕೆ.

ಕೇಸ್ ಹೊರಬರದಿದ್ದರೆ

ಶಾರ್ಪ್ಸ್‌ನ ಎಕ್ಸ್‌ಟ್ರಾಕ್ಟರಿಗೆ ಹೆಚ್ಚು ಬಲವಿಲ್ಲ. ಖಾಲಿ ಕೇಸ್ ಸಿಕ್ಕಿಕೊಂಡರೆ ಬಾಯಿಯ ಕಡೆಯಿಂದ ಮರದ ಅಥವಾ ಹಿತ್ತಾಳೆಯ ಕಡ್ಡಿ ಹಾಕಿ ಮೆಲ್ಲಗೆ ತಟ್ಟಿ. ಹೊಡೆಯದ ತೋಟಾ ಸಿಕ್ಕಿಕೊಂಡಿದ್ದರೆ ಕಡ್ಡಿ ಮುಟ್ಟಬೇಡಿ, ಮೈದಾನದ ಮೇಲ್ವಿಚಾರಕರನ್ನು ಕರೆಯಿರಿ. ಚೇಂಬರಿನ ಮಸಿ, ಕೇಸನ್ನು ಮತ್ತೆ ಅಳತೆಗೆ ತರುವಾಗ ಹಚ್ಚಿ ಅದರ ಮೇಲೆ ಉಳಿದ ಸೈಜಿಂಗ್ ಮೇಣ ಮತ್ತು ಅಂಚಿನ ಸೀಳು ಇದಕ್ಕೆ ಕಾರಣಗಳು.

ಮನೆಗೆ ಬಂದ ಮೇಲೆ

ಕೊಡಗು, ಮಲೆನಾಡಿನಲ್ಲಿ ಕೇಪಿನ ಕೋವಿ ಬಳಸಿದ ಮನೆಯವರಿಗೆ ಇದನ್ನು ಹೇಳಬೇಕಿಲ್ಲ: ಈ ಮಸಿ ಗಾಳಿಯ ತೇವ ಹೀರುತ್ತದೆ, ಒಂದು ರಾತ್ರಿ ಬಿಟ್ಟರೆ ತುಕ್ಕು ಶುರು. ಅದೇ ದಿನ ಸೋಪು ನೀರಿನ ಬಟ್ಟೆಗಳನ್ನು ಬಿಳಿಯಾಗಿ ಬರುವ ತನಕ ಹಾಯಿಸಿ, ನಂತರ ಒಣಬಟ್ಟೆ, ಕೊನೆಗೆ ಎಣ್ಣೆ. ನೀರು ಮರದೊಳಗೆ ಇಳಿಯದಂತೆ ಬಾಯಿಯನ್ನು ಕೆಳಗೆ ಮಾಡಿ ತೊಳೆಯಿರಿ. ಖಾಲಿ ಕೇಸ್‌ಗಳನ್ನು ಪ್ರೈಮರ್ ತೆಗೆದು ಮೈದಾನದಲ್ಲೇ ಸೋಪು ನೀರಿನ ಡಬ್ಬಿಗೆ ಹಾಕಿ, ಇಲ್ಲದಿದ್ದರೆ ಹಿತ್ತಾಳೆ ಹಸಿರುಗಟ್ಟುತ್ತದೆ. ಮರುದಿನ ಒಂದು ಒಣಬಟ್ಟೆ ಹಾಯಿಸಿ. ತಿಳಿಕಂದು ಬಂದರೆ ಮತ್ತೊಮ್ಮೆ ತೊಳೆದು ಎಣ್ಣೆ ಹಾಕಿ. ಮುಂದಿನ ಸಲ ಮೈದಾನಕ್ಕೆ ಹೋದಾಗ ಮೊದಲ ಈಡಿಗೆ ಮುನ್ನ ಆ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಿರಿ, ಪೆಟ್ರೋಲಿಯಂ ಎಣ್ಣೆ ಒಳಗುಳಿದರೆ ಮೊದಲ ಗುಂಡಿನಿಂದಲೇ ಕಿಟ್ಟ ಕಟ್ಟುತ್ತದೆ.